ಮೂರು ಕೆಜಿ ರೋಗಿ: ಬಣಕಲ್‌ನ ಒಬ್ಬ ಮಕ್ಕಳ ಸರ್ಜನ್ ಮಾತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ರಾತ್ರಿ ಮಲಗೋ ಮುಂಚೆ ಕೇಳ್ತಿರೋರಿಗೆ, ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ ಅಂತ ತೋಟದ ದಿಬ್ಬ ಹತ್ತಿ ಕೇಳ್ತಿರೋ ನಮ್ಮ ಮಲೆನಾಡಿನವರಿಗೆ, ಎಲ್ಲರಿಗೂ ನಮಸ್ಕಾರ.

ನನ್ನ ಊರು ಬಣಕಲ್. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿದೆ. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದವರು ನಮ್ಮೂರನ್ನು ದಾಟಿಯೇ ಹೋಗಿರ್ತೀರಿ. ನಿಲ್ಲಿಸೋದು ಮಾತ್ರ ಕೊಟ್ಟಿಗೆಹಾರದಲ್ಲಿ, ನೀರುದೋಸೆಗೆ! ಇರಲಿ.

ನನ್ನ ಕೆಲಸ ಮಕ್ಕಳ ಶಸ್ತ್ರಚಿಕಿತ್ಸೆ. ಪೀಡಿಯಾಟ್ರಿಕ್ ಸರ್ಜರಿ. ಊರಿಗೆ ಹೋದಾಗ ಈಗಲೂ ಕೇಳ್ತಾರೆ, "ಮಗೂಗೆ ಜ್ವರ, ಯಾವ ಸಿರಪ್ ಕೊಡಬೇಕು?" ಅಂತ. ಜ್ವರ ನೋಡುವವರು ಮಕ್ಕಳ ತಜ್ಞರು. ನಾವು ಆಪರೇಷನ್ ಮಾಡುವವರು. ಹುಟ್ಟಿದ ಒಂದು ದಿನದ ಕೂಸಿನಿಂದ ಹಿಡಿದು ಹೈಸ್ಕೂಲ್ ಹುಡುಗರವರೆಗೆ. ಈಗ ಇನ್ನೂ ಹುಟ್ಟದ ಮಗುವೂ ನಮ್ಮ ಪಟ್ಟಿಗೆ ಸೇರಿದೆ. ಅದಕ್ಕೆ ಫೀಟಲ್ ಸರ್ಜರಿ, ಅಂದರೆ ಭ್ರೂಣದ ಶಸ್ತ್ರಚಿಕಿತ್ಸೆ ಅಂತಾರೆ. ಇವತ್ತು ಈ ಕೆಲಸ ಏನು, ಇದನ್ನು ಕಲಿಯೋದು ಹೇಗೆ, ನಮ್ಮಂಥ ಗುಡ್ಡದ ಊರಿಗೆ ಇದು ಯಾಕೆ ಮುಖ್ಯ ಅಂತ ಹೇಳ್ತೀನಿ. ಕೊನೆಗೆ ನೀವು ನೆನಪಿಟ್ಟುಕೊಳ್ಳಬೇಕಾದ ಕೆಲವು ವಿಷಯ ಇವೆ. ಅದನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.

ಮೊದಲು ಒಂದು ಲೆಕ್ಕ. ಮೂರು ಕೆಜಿ ತೂಕದ ಕೂಸಿನ ಮೈಯಲ್ಲಿ ಒಟ್ಟು ಎಷ್ಟು ರಕ್ತ ಇರಬಹುದು? ಕೆಜಿಗೆ ಸುಮಾರು 80 ಎಂಎಲ್. ಅಂದರೆ 240 ಎಂಎಲ್. ಒಂದು ದೊಡ್ಡ ಲೋಟ ಕಾಫಿ, ಅಷ್ಟೇ. ಅದರಲ್ಲಿ ಐದು ಟೀ ಚಮಚೆ ಹೋದರೆ ಹತ್ತನೇ ಒಂದು ಭಾಗ ಹೋದ ಹಾಗೆ. ದೊಡ್ಡವರ ಆಪರೇಷನ್‌ನಲ್ಲಿ ಒಂದು ಬಟ್ಟೆ ಒದ್ದೆಯಾದರೆ ಯಾರೂ ತಿರುಗಿ ನೋಡಲ್ಲ. ನಮ್ಮಲ್ಲಿ ಆ ಬಟ್ಟೆಯನ್ನು ತೂಕ ಮಾಡ್ತೀವಿ. ಇನ್ನೊಂದು, ಕೂಸಿಗೆ ಚಳಿ ತಡೆಯಲ್ಲ. ಹಾಗಾಗಿ ಥಿಯೇಟರ್‌ನ ಎಸಿ ಕಡಿಮೆ ಮಾಡಿ, ಕೂಸಿನ ಕೆಳಗೆ ಬೆಚ್ಚಗಿನ ಹಾಸಿಗೆ ಹಾಕಿ, ನಾವು ಬೆವರು ಸುರಿಸ್ತಾ ನಿಂತಿರ್ತೀವಿ. ಮಗು ಅಂದರೆ ದೊಡ್ಡವರ ಸಣ್ಣ ಸೈಜ್ ಅಲ್ಲ. ಅದರ ದೇಹದ ನಿಯಮಗಳೇ ಬೇರೆ. ಅದಕ್ಕೇ ಇದು ಬೇರೆ ವಿದ್ಯೆ.

ಕಲಿಯೋಕೆ ಎಷ್ಟು ವರ್ಷ ಬೇಕು? ಕೂಡಿಸಿ ನೋಡಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆಮೇಲೆ ನೀಟ್ ಪಿಜಿ ಬರೆದು ಜನರಲ್ ಸರ್ಜರಿ ಎಂಎಸ್, ಮೂರು ವರ್ಷ. ಆಮೇಲೆ ನೀಟ್ ಸೂಪರ್ ಸ್ಪೆಷಾಲಿಟಿ ಬರೆದು ಪೀಡಿಯಾಟ್ರಿಕ್ ಸರ್ಜರಿ ಎಂಸಿಎಚ್, ಇನ್ನೂ ಮೂರು ವರ್ಷ. ಒಟ್ಟು ಹನ್ನೊಂದೂವರೆ. ಮಧ್ಯೆ ಎಲ್ಲೂ ಒಂದು ವರ್ಷ ಕೂಡ ಹೋಗಿಲ್ಲ ಅಂದುಕೊಂಡರೂ, ಪಿಯುಸಿ ಮುಗಿಸಿದ ಹುಡುಗ ಮಕ್ಕಳ ಸರ್ಜನ್ ಅಂತ ಬೋರ್ಡ್ ಹಾಕೋ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ. ನನ್ನ ಜೊತೆ ಓದಿದ ಎಂಜಿನಿಯರ್‌ಗಳು ಅಷ್ಟರಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಕರೆದಿದ್ದರು. ನಾನು ಹಾಸ್ಟೆಲ್ ರೂಮಲ್ಲಿ ಕುರ್ಚಿ ಕಾಲಿಗೆ ದಾರ ಕಟ್ಟಿಕೊಂಡು ಗಂಟು ಹಾಕೋದು ಕಲೀತಿದ್ದೆ. ತಮಾಷೆಯಲ್ಲ. ಎಡಗೈಯಲ್ಲಿ, ಬಲಗೈಯಲ್ಲಿ, ಕಣ್ಣು ಮುಚ್ಚಿಕೊಂಡು. ಕೂಸಿನ ಕರುಳಿಗೆ ಹಾಕುವ ದಾರ ಹೆಚ್ಚೂಕಡಿಮೆ ಕೂದಲಿನಷ್ಟು ತೆಳು. ಸ್ವಲ್ಪ ಜೋರಾಗಿ ಎಳೆದರೆ ಅಂಗಾಂಶ ಹರಿಯುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಎಷ್ಟು ಎಳೆಯಬೇಕು ಅನ್ನೋದನ್ನು ಯಾವ ಪುಸ್ತಕವೂ ಹೇಳಿಕೊಡಲ್ಲ. ಕೈಗೇ ಗೊತ್ತಾಗಬೇಕು.

ಆದರೆ ಎಂಸಿಎಚ್‌ನಲ್ಲಿ ನಾನು ಮೊದಲು ಕಲಿತದ್ದು ಗಂಟು ಅಲ್ಲ, ನೋಡೋದು. ನಮ್ಮ ರೋಗಿ ಮಾತಾಡಲ್ಲ. ಎಲ್ಲಿ ನೋವು, ಯಾವಾಗಿಂದ ಅಂತ ಹೇಳಲ್ಲ. ಅಳುವಿನ ಥರ, ಹೊಟ್ಟೆ ಉಬ್ಬಿರುವ ರೀತಿ, ವಾಂತಿಯ ಬಣ್ಣ, ಡೈಪರ್‌ನಲ್ಲಿ ಏನಿದೆ, ಏನಿಲ್ಲ. ಇವೇ ಅದರ ಮಾತು. ರಾತ್ರಿ ಎರಡು ಗಂಟೆಗೆ ಕೂಸಿನ ಹೊಟ್ಟೆ ಮೇಲೆ ಬೆಚ್ಚಗೆ ಮಾಡಿದ ಕೈ ಇಟ್ಟು ಸುಮ್ಮನೆ ಕೂರಿಸಿದ ಮೇಷ್ಟ್ರುಗಳು ನನಗೆ ಸಿಕ್ಕಿದರು. ಅದೇ ದೊಡ್ಡ ಪಾಠ.

ಈ ವಿದ್ಯೆಗೆ ವಯಸ್ಸು ಹೆಚ್ಚಿಲ್ಲ. 1938ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಎಂಬ ಯುವ ಸರ್ಜನ್, ಏಳು ವರ್ಷದ ಹುಡುಗಿಯೊಬ್ಬಳ ಹೃದಯದ ಪಕ್ಕದಲ್ಲಿ ಮುಚ್ಚದೇ ಉಳಿದಿದ್ದ ರಕ್ತನಾಳವನ್ನು ಕಟ್ಟಿ ಗುಣಪಡಿಸಿದರು. ಅವರ ಮುಖ್ಯಸ್ಥರು ಆಗ ರಜೆಯಲ್ಲಿದ್ದರು! 1941ರಲ್ಲಿ ಅಮೆರಿಕದಲ್ಲೇ ಕ್ಯಾಮರಾನ್ ಹೈಟ್ ಅನ್ನೋರು ಹುಟ್ಟುವಾಗಲೇ ತುಂಡಾಗಿದ್ದ ಅನ್ನನಾಳವನ್ನು ಒಂದೇ ಆಪರೇಷನ್‌ನಲ್ಲಿ ಜೋಡಿಸಿ ಕೂಸನ್ನು ಉಳಿಸಿದರು. ಅದಕ್ಕೂ ಮುಂಚೆ ಆ ತೊಂದರೆ ಇದ್ದ ಮಕ್ಕಳು ಬಹುತೇಕ ಉಳೀತಿರಲಿಲ್ಲ.

ಈಗ ಕೇಳಿದರೆ ನಂಬೋಕೆ ಆಗದ ಒಂದು ವಿಷಯ. 1980ರ ದಶಕದವರೆಗೂ ನವಜಾತ ಶಿಶುವಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಅಂತ ಎಷ್ಟೋ ಡಾಕ್ಟರುಗಳು ನಂಬಿದ್ದರು. ಸರಿಯಾದ ನೋವುನಿವಾರಕ ಇಲ್ಲದೆ, ಬರೀ ಸ್ನಾಯು ಸಡಿಲಿಸುವ ಔಷಧಿ ಮತ್ತು ಸ್ವಲ್ಪ ಗ್ಯಾಸ್ ಕೊಟ್ಟು ಆಪರೇಷನ್ ಮಾಡಿದ್ದೂ ಉಂಟು. ಇದನ್ನು ಪ್ರಶ್ನಿಸಿದವರು ಭಾರತ ಮೂಲದ ಡಾಕ್ಟರ್ ಕನ್ವಲ್‌ಜೀತ್ ಸಿಂಗ್ ಆನಂದ್. ಆಕ್ಸ್‌ಫರ್ಡ್‌ನಲ್ಲಿ ಅವರ ತಂಡ ಎರಡು ಗುಂಪಿನ ಕೂಸುಗಳನ್ನು ಹೋಲಿಸಿ ನೋಡಿತು. ನೋವುನಿವಾರಕ ಸಿಗದ ಕೂಸುಗಳ ದೇಹ ಹೆಚ್ಚು ಒದ್ದಾಡಿತ್ತು, ಆಪರೇಷನ್ ನಂತರದ ತೊಂದರೆಗಳೂ ಹೆಚ್ಚಿದ್ದವು. 1987ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಜಗತ್ತಿನ ಪದ್ಧತಿಯೇ ಬದಲಾಯಿತು. ಹೇಳೋಕೆ ಬಾಯಿಲ್ಲದವರ ನೋವನ್ನು 'ಇಲ್ಲ' ಅಂದುಕೊಳ್ಳೋದು ಎಷ್ಟು ಸುಲಭ, ನೋಡಿ.

ಈಗ ಹೊಟ್ಟೆಯೊಳಗಿನ ಮಗುವಿನ ಕಡೆ ಬರೋಣ. ಶುರುವಾಗಿದ್ದು ಸೂಜಿಯಿಂದ. 1963ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ವಿಲಿಯಂ ಲೈಲಿ ಎಂಬ ವೈದ್ಯರು, ಆರ್‌ಎಚ್ ರಕ್ತದ ಹೊಂದಾಣಿಕೆಯಾಗದೆ ಸಾಯುತ್ತಿದ್ದ ಭ್ರೂಣಕ್ಕೆ ತಾಯಿಯ ಹೊಟ್ಟೆಯ ಮೂಲಕವೇ ರಕ್ತ ಕೊಟ್ಟರು. ಇವತ್ತಿನ ಸ್ಕ್ಯಾನ್ ಆಗ ಇರಲಿಲ್ಲ. ಎಕ್ಸ್-ರೇ ನೋಡಿಕೊಂಡು! 1981ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಹ್ಯಾರಿಸನ್ ತಂಡ ಗರ್ಭಕೋಶ ತೆರೆದು, ಮೂತ್ರ ಕಟ್ಟಿಕೊಂಡಿದ್ದ ಮಗುವಿಗೆ ಆಪರೇಷನ್ ಮಾಡಿ, ಗರ್ಭಕೋಶ ಮುಚ್ಚಿತು. ಗರ್ಭ ಮುಂದುವರಿಯಿತು. ಆದರೆ ಆ ಮಗು ಹುಟ್ಟಿದ ಮೇಲೆ ಉಳಿಯಲಿಲ್ಲ. ಮರುವರ್ಷ ಈ ಕ್ಷೇತ್ರದವರೆಲ್ಲ ಕೂತು ನಿಯಮ ಮಾಡಿಕೊಂಡರು. ಕಾಯಿಲೆ ಏನು ಅಂತ ಖಚಿತವಾಗಿ ಗೊತ್ತಿರಬೇಕು. ಕಾದರೆ ಮಗುವಿಗೆ ಸರಿಪಡಿಸಲಾಗದ ಹಾನಿ ಆಗುವಂತಿರಬೇಕು. ತಾಯಿಯ ಸುರಕ್ಷತೆ ಮುಖ್ಯವಾಗಿರಬೇಕು. ಯಾಕಂದರೆ ಇಲ್ಲಿ ಆಪರೇಷನ್ ಟೇಬಲ್ ಮೇಲೆ ಇಬ್ಬರು ಇರ್ತಾರೆ. ಅದರಲ್ಲಿ ಒಬ್ಬರಿಗೆ ಯಾವ ಕಾಯಿಲೆಯೂ ಇಲ್ಲ. ಆದರೂ ಕತ್ತಿ ಮೊದಲು ಬೀಳೋದು ಅವಳ ಮೇಲೆ.

ಇವತ್ತು ಏನೇನು ಸಾಧ್ಯ? ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗ್ತಿದ್ದರೆ, ಪೆನ್ನಿನ ರೀಫಿಲ್‌ನಷ್ಟು ಸಣ್ಣ ದುರ್ಬೀನು ಹಾಕಿ ಆ ರಕ್ತನಾಳಗಳನ್ನು ಲೇಸರ್‌ನಿಂದ ಮುಚ್ಚಬಹುದು. ಬೆನ್ನುಹುರಿ ತೆರೆದುಕೊಂಡೇ ಬೆಳೆಯುವ ಸ್ಪೈನಾ ಬೈಫಿಡಾ ಅಂತ ಇದೆ. 2011ರಲ್ಲಿ ಅಮೆರಿಕದಲ್ಲಿ 183 ಗರ್ಭಿಣಿಯರ ಒಂದು ಅಧ್ಯಯನದ ಫಲಿತಾಂಶ ಬಂತು. 26 ವಾರದೊಳಗೆ ಹೊಟ್ಟೆಯಲ್ಲೇ ಆಪರೇಷನ್ ಆದ ಮಕ್ಕಳಲ್ಲಿ ತಲೆಯ ನೀರು ತೆಗೆಯಲು ಟ್ಯೂಬ್ ಹಾಕಬೇಕಾಗಿ ಬಂದದ್ದು 40 ಶೇಕಡಾಕ್ಕೆ. ಹುಟ್ಟಿದ ಮೇಲೆ ಆಪರೇಷನ್ ಆದವರಲ್ಲಿ 82 ಶೇಕಡಾ. ಎರಡೂವರೆ ವರ್ಷಕ್ಕೆ ಯಾರ ಸಹಾಯವೂ ಇಲ್ಲದೆ ನಡೆದವರು ಮೊದಲ ಗುಂಪಿನಲ್ಲಿ 42, ಎರಡನೆಯದರಲ್ಲಿ 21 ಶೇಕಡಾ.

ಕೇಳೋಕೆ ಪವಾಡ ಅನಿಸುತ್ತೆ ಅಲ್ವಾ? ಅದೇ ಅಂಕಿಯನ್ನು ತಿರುಗಿಸಿ ನೋಡಿ. ಹೊಟ್ಟೆಯಲ್ಲೇ ಆಪರೇಷನ್ ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ವಯಸ್ಸಿಗೆ ತಾವಾಗಿ ನಡೆಯಲಿಲ್ಲ. ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚಾಯಿತು. ಗರ್ಭಕೋಶದ ಮೇಲೆ ಗಾಯ ಉಳಿಯಿತು. ಆ ತಾಯಿಗೆ ಮುಂದಿನ ಹೆರಿಗೆಗಳೆಲ್ಲ ಸಿಸೇರಿಯನ್ ಮೂಲಕವೇ ಆಗಬೇಕು. ಹಾಗೇ, ವಪೆಯಲ್ಲಿ ತೂತಿದ್ದು ಕರುಳು ಎದೆಗೆ ನುಗ್ಗಿ ಶ್ವಾಸಕೋಶ ಬೆಳೆಯದ ತೊಂದರೆ ಇದೆ. ತೀರಾ ಗಂಭೀರವಾದವರಿಗೆ ಭ್ರೂಣದ ಶ್ವಾಸನಾಳದಲ್ಲಿ ಪುಟ್ಟ ಬಲೂನ್ ಇಟ್ಟು, ಕೆಲವು ವಾರದ ನಂತರ ತೆಗೀತಾರೆ. 2021ರ ಅಧ್ಯಯನದಲ್ಲಿ ಬಲೂನ್ ಇಟ್ಟವರಲ್ಲಿ ಬದುಕಿ ಮನೆಗೆ ಹೋದವರು 40 ಶೇಕಡಾ, ಇಡದವರಲ್ಲಿ 15. ಅವಧಿಗೆ ಮುನ್ನ ಹೆರಿಗೆ ಆದದ್ದು ಬಲೂನ್ ಗುಂಪಿನಲ್ಲಿ 75 ಶೇಕಡಾ, ಇನ್ನೊಂದರಲ್ಲಿ 29. ಲಾಭವೂ ನಿಜ, ಬೆಲೆಯೂ ನಿಜ. ಎರಡನ್ನೂ ಒಂದೇ ದನಿಯಲ್ಲಿ ಹೇಳೋದು ನಮ್ಮ ಕೆಲಸ.

ನಮ್ಮ ದೇಶದಲ್ಲಿ ಭ್ರೂಣಕ್ಕೆ ರಕ್ತ ಕೊಡೋದು, ಲೇಸರ್ ಇವೆಲ್ಲ ಬೆಂಗಳೂರು, ಚೆನ್ನೈ, ಹೈದರಾಬಾದ್‌ನಂಥ ಊರುಗಳಲ್ಲಿ ನಡೀತಿವೆ. ಹೆಚ್ಚಾಗಿ ಮಾಡುವವರು ಫೀಟಲ್ ಮೆಡಿಸಿನ್ ಓದಿದ ಪ್ರಸೂತಿ ತಜ್ಞರು. ಗರ್ಭಕೋಶ ತೆರೆದು ಮಾಡುವ ಆಪರೇಷನ್ ಬಹಳ ಅಪರೂಪ. ಹಾಗಾದರೆ ನನ್ನಂಥವರ ಕೆಲಸ ಏನು? ಬಹುಪಾಲು ಮಾತು. ಹೌದು, ಮಾತೇ. ಸ್ಕ್ಯಾನ್‌ನಲ್ಲಿ ಏನೋ ಕಂಡಿದೆ ಅಂತ ಗಂಡ ಹೆಂಡತಿ ಬಂದು ಎದುರು ಕೂರ್ತಾರೆ. ಕಿಡ್ನಿ ಊದಿದೆ, ಕರುಳು ಹೊರಗಿದೆ, ಬೆನ್ನಲ್ಲಿ ಗಂಟು ಇದೆ. ಹುಟ್ಟಿದ ಮೇಲೆ ಈ ಮಗುವಿನ ಬದುಕು ಹೇಗಿರುತ್ತೆ, ಎಷ್ಟು ಆಪರೇಷನ್, ಶಾಲೆಗೆ ಹೋಗುತ್ತಾ, ಹೆರಿಗೆ ಎಲ್ಲಿ ಮಾಡಿಸಬೇಕು ಅಂತ ಹೇಳಬೇಕಾದವರು ನಾವು. ಎಷ್ಟೋ ಸಲ ಒಳ್ಳೆ ಸುದ್ದಿಯೇ ಇರುತ್ತೆ: ಇದು ಚಿಕ್ಕದು, ಕಾಯೋಣ. ಕೆಲವು ಸಲ ಇರಲ್ಲ. ಆಗ ಸಮಯದ ಲೆಕ್ಕವೂ ಬರುತ್ತೆ. 2021ರ ಕಾನೂನು ತಿದ್ದುಪಡಿಯ ಪ್ರಕಾರ, 24 ವಾರ ದಾಟಿದ ಮೇಲೆ ಭ್ರೂಣದಲ್ಲಿ ಗಂಭೀರ ದೋಷ ಕಂಡರೆ ಗರ್ಭಪಾತದ ವಿಷಯವನ್ನು ಮೆಡಿಕಲ್ ಬೋರ್ಡ್ ಮುಂದೆ ಇಡಬೇಕು. ಹಾಗಾಗಿ 18ರಿಂದ 20 ವಾರದ ಹೊತ್ತಿಗೆ ಮಾಡುವ ಸ್ಕ್ಯಾನ್ ತಪ್ಪಿಸಿಕೊಂಡರೆ, ಯೋಚನೆ ಮಾಡುವ ಅವಕಾಶವೇ ಕೈತಪ್ಪುತ್ತೆ. ತೀರ್ಮಾನ ಅವರದು. ನಾನು ಅವರ ಜಾಗದಲ್ಲಿ ನಿಂತು ತೀರ್ಮಾನ ಹೇಳಲ್ಲ. ಅವರು ಏನು ತೀರ್ಮಾನಿಸಿದರೂ ಜೊತೆಗಿರ್ತೀನಿ ಅಂತ ಹೇಳ್ತೀನಿ.

ಆ ಕೋಣೆಯಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ ಇದೆ. ಸಾಮಾನ್ಯವಾಗಿ ಅತ್ತೆ ಕೇಳ್ತಾರೆ, ಇಲ್ಲಾ ಸೊಸೆಯೇ ತಲೆ ತಗ್ಗಿಸಿ ಕೇಳ್ತಾಳೆ. "ಗ್ರಹಣದ ದಿನ ತರಕಾರಿ ಹೆಚ್ಚಿದ್ದೆ, ಅದಕ್ಕೇ ಹೀಗಾಯ್ತಾ?" ಇಲ್ಲ ತಾಯಿ. ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲ. ಮಗುವಿನ ತುಟಿ, ಹೃದಯ, ಬೆನ್ನುಹುರಿ ಇವೆಲ್ಲ ರೂಪುಗೊಳ್ಳೋದು ಮೊದಲ ಕೆಲವೇ ವಾರಗಳಲ್ಲಿ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಅಂತ ಗೊತ್ತಾಗೋ ಹೊತ್ತಿಗೇ. ಬಹಳಷ್ಟು ದೋಷಗಳಿಗೆ ಯಾರ ತಪ್ಪೂ ಕಾರಣವಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಈ ಒಂದು ವಾಕ್ಯಕ್ಕೆ ಸಿಕ್ಕಷ್ಟು ಕಣ್ಣೀರು ಯಾವ ಆಪರೇಷನ್‌ಗೂ ಸಿಕ್ಕಿಲ್ಲ.

ಈಗ ಬಣಕಲ್‌ಗೆ ಬರ್ತೀನಿ. ನಮ್ಮಲ್ಲಿ ಒಂದು ಕೂಸಿಗೆ ತುರ್ತು ಆಪರೇಷನ್ ಬೇಕು ಅಂದರೆ ದಾರಿ ಎರಡು. ಘಾಟಿ ಇಳಿದು ಮಂಗಳೂರು, ನೂರು ಕಿಲೋಮೀಟರ್ ಆಸುಪಾಸು. ಇಲ್ಲಾ ಈ ಕಡೆ ಹಾಸನ, ಅಲ್ಲಿಂದ ಮುಂದೆ ಬೆಂಗಳೂರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಜಡಿಮಳೆಯಲ್ಲಿ ಮರ ಬಿದ್ದರೂ ಸಾಕು, ಗಂಟೆಗಟ್ಟಲೆ ನಿಲ್ಲಬೇಕು. ದೊಡ್ಡವರು ಹೇಗೋ ತಡ್ಕೋತಾರೆ. ಎರಡೂವರೆ ಕೆಜಿ ಕೂಸು?

ಕೆಲವು ವರ್ಷದ ಹಿಂದೆ, ಜುಲೈ ತಿಂಗಳು. ನಮ್ಮ ಕಡೆಯ ಒಂದು ಎಸ್ಟೇಟ್ ಲೈನ್‌ನಲ್ಲಿದ್ದ ಹೆಂಗಸಿಗೆ ಹೆರಿಗೆ ಆಯಿತು. ಕೂಸಿನ ಬಾಯಲ್ಲಿ ನೊರೆ. ಒರೆಸಿದರೆ ಮತ್ತೆ ನೊರೆ. ಅಲ್ಲಿದ್ದ ನರ್ಸ್ ಹಾಲು ಕುಡಿಸೋಕೆ ಬಿಡಲಿಲ್ಲ. ತೆಳು ಟ್ಯೂಬ್ ಒಂದನ್ನು ಬಾಯಿಂದ ಹೊಟ್ಟೆಗೆ ಇಳಿಸಿ ನೋಡಿದರು. ಹತ್ತು ಸೆಂಟಿಮೀಟರ್‌ಗೆ ನಿಂತುಬಿಟ್ಟಿತು. ಅಲ್ಲಿಗೆ ಅವರಿಗೆ ಗೊತ್ತಾಯಿತು: ಅನ್ನನಾಳ ಮಧ್ಯದಲ್ಲೇ ಮುಚ್ಚಿಕೊಂಡಿದೆ. ಮೂರ್ನಾಲ್ಕು ಸಾವಿರ ಹೆರಿಗೆಗೆ ಒಂದು ಕೂಸಿನಲ್ಲಿ ಕಾಣುವ ತೊಂದರೆ ಇದು, ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಕಾಣೋದೂ ಇಲ್ಲ. ಕೂಸಿನ ತಲೆ ಎತ್ತರಿಸಿ, ಬಾಯಿಯ ನೀರು ತೆಗೆಯುತ್ತಾ, ಬೆಚ್ಚಗೆ ಸುತ್ತಿ, ಮೊದಲು ಫೋನ್ ಮಾಡಿ, ಆಮೇಲೆ ಕಳಿಸಿದರು. ಆಂಬುಲೆನ್ಸ್ ಬರೋ ಹೊತ್ತಿಗೆ ನಮ್ಮ ಥಿಯೇಟರ್ ಬೆಚ್ಚಗಾಗಿತ್ತು. ಬಲ ಪಕ್ಕೆಲುಬುಗಳ ಮಧ್ಯೆ ಹೋಗಿ, ಶ್ವಾಸನಾಳಕ್ಕೆ ಅಂಟಿಕೊಂಡಿದ್ದ ತುಂಡನ್ನು ಬಿಡಿಸಿ, ಎರಡು ತುದಿಗಳನ್ನು ಜೋಡಿಸಿದೆವು. ಎಲ್ಲರೂ ನನಗೆ ಥ್ಯಾಂಕ್ಸ್ ಹೇಳಿದರು. ಆದರೆ ಆ ಕೂಸು ಉಳಿದದ್ದು ಟ್ಯೂಬ್ ಹಾಕಿ ನೋಡಿದ ಆ ನರ್ಸ್‌ನಿಂದ. ಒಂದು ಗುಟುಕು ಹಾಲು ಶ್ವಾಸಕೋಶಕ್ಕೆ ಹೋಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಬೇರೆಯಾದ ಕಥೆಯೂ ಇದೆ. ಐದು ದಿನದ ಇನ್ನೊಂದು ಕೂಸು. ಹಸಿರು ವಾಂತಿ. "ಪಿತ್ತ ಆಗಿದೆ, ಸರಿಹೋಗುತ್ತೆ" ಅಂತ ಯಾರೋ ಹೇಳಿದರು. ಗ್ರೈಪ್ ವಾಟರ್ ಕೊಟ್ಟರು. ನನ್ನ ಹತ್ತಿರ ಬರೋ ಹೊತ್ತಿಗೆ ಕರುಳು ಬುಡದಿಂದ ತಿರುಚಿಕೊಂಡು ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿತ್ತು. ಆರಂಭದ ಕೆಲವು ಗಂಟೆಗಳಲ್ಲಿ ಬಂದಿದ್ದರೆ ತಿರುಚಿದ್ದನ್ನು ಬಿಡಿಸಿ ಕೂರಿಸುವ ಆಪರೇಷನ್ ಅದು. ಹೊರಗೆ ಬಂದು ಆ ಅಪ್ಪನಿಗೆ ಹೇಳಬೇಕಾಯಿತು. ಹನ್ನೊಂದೂವರೆ ವರ್ಷದ ಓದಿನಲ್ಲಿ ಅದಕ್ಕೊಂದು ಪರೀಕ್ಷೆ ಇರಲಿಲ್ಲ.

ಹಾಗಾಗಿ, ಶುರುವಿನಲ್ಲಿ ಹೇಳಿದ ಆ ವಿಷಯಗಳು.

ಒಂದು. ನವಜಾತ ಕೂಸು ಹಸಿರು ಬಣ್ಣದ ವಾಂತಿ ಮಾಡಿದರೆ ಅದು ತುರ್ತು. ಬೆಳಗ್ಗೆ ನೋಡೋಣ ಅನ್ನೋ ಮಾತೇ ಬೇಡ.

ಎರಡು. ಬಾಯಲ್ಲಿ ನಿಲ್ಲದ ನೊರೆ, ಹಾಲು ಕೊಟ್ಟ ತಕ್ಷಣ ಕೆಮ್ಮಿ ನೀಲಿಯಾಗೋದು, ಹುಟ್ಟಿ ಒಂದು ದಿನ ಕಳೆದರೂ ಮಲ ಹೋಗದಿರೋದು. ಇದ್ಯಾವುದಿದ್ದರೂ ತಕ್ಷಣ ತೋರಿಸಿ. ಮಲದ್ವಾರ ಸರಿಯಾಗಿದೆಯಾ ಅಂತ ಹುಟ್ಟಿದ ಕೂಡಲೇ ನೋಡಬೇಕು. ಸುಮಾರು ಐದು ಸಾವಿರಕ್ಕೆ ಒಂದು ಮಗುವಿಗೆ ಅದು ಇರೋದೇ ಇಲ್ಲ. ಅದನ್ನು ಸರಿಪಡಿಸಬಹುದು.

ಮೂರು. ಮಗು ಬೇಕು ಅಂತ ಯೋಚಿಸುವಾಗಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬೇಕು. ಗರ್ಭ ನಿಂತು 28 ದಿನದೊಳಗೆ ಬೆನ್ನುಹುರಿಯ ಕೊಳವೆ ಮುಚ್ಚಿಕೊಂಡಿರುತ್ತೆ. ಟೆಸ್ಟ್ ಮಾಡಿಸಿ ಆಮೇಲೆ ಶುರು ಮಾಡಿದರೆ ತಡ. ಮೊದಲ ಮಗುವಿಗೆ ಈ ತೊಂದರೆ ಇದ್ದ ತಾಯಂದಿರಲ್ಲಿ, ಮತ್ತೆ ಹಾಗಾಗೋದನ್ನು ಈ ಮಾತ್ರೆ 72 ಶೇಕಡಾ ತಡೆಯಿತು ಅಂತ 1991ರಲ್ಲೇ ಬ್ರಿಟನ್ನಿನ ಅಧ್ಯಯನ ತೋರಿಸಿತ್ತು. ಅಂಥವರಿಗೆ ಡೋಸ್ ಹೆಚ್ಚು ಬೇಕು, ಡಾಕ್ಟರನ್ನು ಕೇಳಿ. ಎರಡು ಕೋಟಿ ಕೊಟ್ಟರೂ ಯಾವ ಫೀಟಲ್ ಸರ್ಜನ್ ಕೈಯಲ್ಲೂ ಆಗದ ಕೆಲಸವನ್ನು ಆ ಅಗ್ಗದ ಮಾತ್ರೆ ಮಾಡುತ್ತೆ.

ನಾಲ್ಕು, ಇದು ತೋಟದ ಮಾಲೀಕರ ಮನೆಯ ಯುವಕ ಯುವತಿಯರಿಗೆ. ಕೊಯ್ಲಿನ ಕಾಲದಲ್ಲಿ ಒಂದು ದಿನ ಸ್ಕ್ಯಾನ್‌ಗೆ ಹೋದರೆ ಕೂಲಿ ಹೋಗುತ್ತೆ ಅಂತ ಗರ್ಭಿಣಿಯರು ಹಿಂದೇಟು ಹಾಕ್ತಾರೆ. ಹೊರ ರಾಜ್ಯದಿಂದ ಬಂದವರ ಕೈಯಲ್ಲಿ ತಾಯಿ ಕಾರ್ಡೂ ಇರಲ್ಲ. ಆ ಒಂದು ದಿನದ ಕೂಲಿ ಕೊಟ್ಟು, ಜೀಪ್‌ನಲ್ಲಿ ಕಳಿಸಿ. ಆಶಾ ಕಾರ್ಯಕರ್ತೆಗೆ ಹೇಳಿ. ಸ್ಕ್ಯಾನ್‌ನಲ್ಲಿ ಗಂಡೋ ಹೆಣ್ಣೋ ಅಂತ ಕೇಳಬೇಡಿ, ಅದು ಅಪರಾಧ. ಮಗು ಆರೋಗ್ಯವಾಗಿದೆಯಾ ಅಂತ ಕೇಳಿ. ದುಡ್ಡಿನ ಚಿಂತೆಗೆ ದಾರಿ ಇದೆ. 2013ರಿಂದ ನಡೀತಿರೋ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇವೆರಡರಲ್ಲೂ ಹುಟ್ಟುದೋಷದ ಎಷ್ಟೋ ಆಪರೇಷನ್‌ಗಳಿಗೆ ನೆರವು ಸಿಗುತ್ತೆ.

ಕೊನೆಯದಾಗಿ ಪಿಯುಸಿ, ಎಂಬಿಬಿಎಸ್ ಓದ್ತಿರೋರಿಗೆ. ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ಸರ್ಜರಿಯ ಎಂಸಿಎಚ್ ಸೀಟುಗಳು ಖಾಲಿ ಉಳೀತಿವೆ. ಕಾರಣ ಗೊತ್ತು. ಓದು ಉದ್ದ, ದುಡ್ಡು ಬೇರೆ ವಿಭಾಗಕ್ಕಿಂತ ಕಡಿಮೆ, ರಾತ್ರಿ ನಿದ್ದೆ ಇಲ್ಲ. ಸುಳ್ಳು ಹೇಳಲ್ಲ, ಇದೆಲ್ಲ ನಿಜ. ಆದರೆ ಇನ್ನೊಂದು ಲೆಕ್ಕವೂ ಇದೆ. ಎಪ್ಪತ್ತರ ಅಜ್ಜನಿಗೆ ಒಳ್ಳೆ ಆಪರೇಷನ್ ಆದರೆ ಹತ್ತು ಹದಿನೈದು ವರ್ಷ ಸಿಗಬಹುದು. ಎರಡು ದಿನದ ಕೂಸಿಗೆ ಆದರೆ ಎಪ್ಪತ್ತು ವರ್ಷ. ಇಡೀ ಒಂದು ಆಯುಷ್ಯ. ಅದು ಸಾಕು ಅನಿಸಿದರೆ ಬನ್ನಿ. ಕೈ ನಡುಗಿದರೂ ಪರವಾಗಿಲ್ಲ, ಅಭ್ಯಾಸದಿಂದ ನಿಲ್ಲುತ್ತೆ. ಆದರೆ ಕೂಸು ಅತ್ತರೆ ಎದ್ದು ಹೋಗಿ ನೋಡಬೇಕು ಅನಿಸದಿದ್ದರೆ, ದಯವಿಟ್ಟು ಬೇರೆ ವಿಭಾಗ ನೋಡಿ.

ಡಾಕ್ಟರ್ ಆಗಲ್ಲ ಅನ್ನೋರಿಗೂ ಒಂದು ಕೆಲಸ ಇದೆ. ಹಸಿರು ವಾಂತಿಯ ವಿಷಯವನ್ನು ಇವತ್ತೇ ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಪ್ರಶ್ನೆಗಳಿದ್ದರೆ ಕಳಿಸಿ, ಮುಂದೆ ಮಾತಾಡೋಣ.